ಹಿಂಬದಿ ಶುಭ್ರ

ಬರಹ ಮಸುಕಾಗಿದೆ ಎಂದು ಆಕೆಗೆ ಬರೆಯಬಾರದಿತ್ತು. ಇಲ್ಲ ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದರೆ ಅದು ಸುಳ್ಳೂ ಆಗುತ್ತಿರಲಿಲ್ಲ, ಆಕೆ ಇವತ್ತು ಬಸ್ಸು ಹತ್ತುತ್ತಲೂ ಇರಲಿಲ್ಲ. ಬಾಯಲ್ಲಿ ಬ್ರಶ್ಶು ಇಟ್ಟುಕೊಂಡು ಕನ್ನಡಿಯ ಎದುರು ನಿಂತವನಿಗೆ ತಾನು ಟೈಪು ಮಾಡಿ, ಅಳಿಸಿ, ಮತ್ತೆ ಟೈಪು ಮಾಡಿದ್ದ ಆ ಪದವೇ ಕಣ್ಣ ಮುಂದೆ ಬರುತ್ತಿತ್ತು. ಮಸುಕಾಗಿದೆ. ಎಷ್ಟು ಜಾಣತನದ ಪದ. ಯಾರೂ ಏನೂ ಮಾಡಿಲ್ಲ, ತನ್ನಷ್ಟಕ್ಕೆ ಆಗಿದೆ ಎನ್ನುವ ಪದ. ಹಳೆಯ ಚಿತ್ರಕಾರ್ಡುಗಳನ್ನು ಕೂಡಿಡುವವರ ಜಾಲತಾಣವನ್ನು ಹುಡುಕಿ ಕೊಟ್ಟವಳು ಮಗಳು. ಅಪ್ಪ, ನಿಮ್ಮಂಥ ಹುಚ್ಚರು ಲೋಕದ ತುಂಬಾ ಇದಾರೆ, ನೋಡಿ, ಎಂದು ನಕ್ಕು, ಅವನ ಹೆಸರಿನಲ್ಲೊಂದು ಖಾತೆ ತೆರೆದು ಕೊಟ್ಟಿದ್ದಳು. ಅಲ್ಲಿ ಒಂದೊಂದು ಕಾರ್ಡಿಗೂ ಒಂದೊಂದು ದರ್ಜೆ. ಮೂಲೆ ಮುರಿದಿದೆಯೇ, ಬಣ್ಣ ಹಾರಿದೆಯೇ, ಹಿಂಬದಿ ಹೇಗಿದೆ. ಹಿಂಬದಿಯಲ್ಲಿ ಕಲೆ, ಗೀಟು, ಅಂಗಡಿಯವನ ಪೆನ್ಸಿಲು ಗುರುತು ಏನೂ ಇಲ್ಲದಿದ್ದರೆ ‘ಹಿಂಬದಿ ಶುಭ್ರ’ ಎಂದು ಬರೆಯಬಹುದು. ಆ ಎರಡು ಪದ ಬರೆಯುವಾಗಲೆಲ್ಲ, ಸಂಜೆ ಶಾಲೆಯಲ್ಲಿ ಮೇಷ್ಟರು ತನ್ನ ಪುಸ್ತಕದ ಮೇಲೆ ಕೆಂಪು ಶಾಯಿಯಲ್ಲಿ ‘ಅಚ್ಚುಕಟ್ಟು’ ಎಂದು ಬರೆದಾಗ ಆಗುತ್ತಿದ್ದ ಸುಖವೇ ಅವನಿಗೆ ಆಗುತ್ತಿತ್ತು. ಲೆಕ್ಕ ತಪ್ಪಿದ್ದರೂ ಆ ಪದವೊಂದು ಸಿಗುತ್ತಿತ್ತು.

“ನೀರು ಬಿಟ್ಕೊಂಡು ಯಾವ ಲೋಕದಲ್ಲಿದೀರಿ?” ಹೆಂಡತಿ ಹಿಂದಿನಿಂದ ಬಂದು ನಲ್ಲಿ ನಿಲ್ಲಿಸಿದಳು. “ಇವತ್ತು ಯಾರೋ ಬರ್ತಾರೆ ಅಂದಿದ್ರಲ್ಲ, ಮನೆಗಾ?”

“ಇಲ್ಲ, ಲ್ಯಾಬಿಗೆ.”

“ಗಂಡಸಾ, ಹೆಂಗಸಾ?”

“ಹೆಂಗಸು. ಕಾರ್ಡಿನ ವಿಷಯ.”

“ಸದ್ಯ. ಬೇರೆ ವಿಷಯ ಆಗಿದ್ರೆ, ಪರವಾಗಿಲ್ಲ, ಇವರಲ್ಲೂ ಒಂದಿಷ್ಟು ಜೀವ ಉಳಿದಿದೆ ಅಂತ ಖುಷಿ ಪಡ್ತಿದ್ದೆ.” ಟವೆಲನ್ನು ಅವನ ಹೆಗಲ ಮೇಲೆ ಎಸೆದಳು. “ಆ ಕಾಗದಗಳಿಗೆ ಮಾಡೋ ಉಪಚಾರದಲ್ಲಿ ಕಾಲುಭಾಗ ನನಗೆ ಮಾಡಿದ್ರೆ ನಾನೂ ಹೊಳೀತಿದ್ದೆ.”

ಅವನು ನಗಬೇಕಿತ್ತು, ನಗಲಿಲ್ಲ. ಅವಳಿಗೆ ಹೇಳಿಬಿಡಲೇ ಎನ್ನಿಸಿತು. ಹೇಳಿದರೆ ಅವಳು ಏನು ಹೇಳುತ್ತಾಳೆಂಬುದೂ ಗೊತ್ತಿತ್ತು: ಇದ್ದದ್ದು ಹೇಳಿ ಕೈ ಮುಗೀರಿ, ಅಷ್ಟೇ. ಅವಳಿಗೆ ಎಲ್ಲವೂ ಅಷ್ಟೇ. ಕಾರ್ಡನ್ನು ಎರಡು ರಟ್ಟುಗಳ ನಡುವೆ ಇಟ್ಟು, ಬಟ್ಟೆಯಲ್ಲಿ ಸುತ್ತಿ, ಚೀಲದೊಳಗೆ ಊಟದ ಡಬ್ಬಿಗೆ ತಾಗದ ಹಾಗೆ ನಿಲ್ಲಿಸಿ ಹೊರಟ. ಬಸ್ಸಿನಲ್ಲಿ ನಿಂತೇ ಹೋದ. ಪಕ್ಕದವನ ಮೊಣಕೈ ಚೀಲಕ್ಕೆ ತಗುಲಿದಾಗಲೆಲ್ಲ ಎದೆ ಧಸಕ್ಕೆನ್ನುತ್ತಿತ್ತು, ಮರುಕ್ಷಣವೇ, ಇನ್ನು ಕೆಡುವುದಕ್ಕೆ ಏನು ಉಳಿದಿದೆ ಎನ್ನಿಸಿ ನಾಚಿಕೆಯಾಗುತ್ತಿತ್ತು.

ಆಕೆ ಬರೆದಿದ್ದನ್ನು ಎಷ್ಟು ಸಲ ಓದಿದ್ದನೆಂದರೆ ಈಗ ಮೊಬೈಲು ತೆಗೆಯದೆಯೇ ಸಾಲು ಸಾಲಾಗಿ ನೆನಪಾಗುತ್ತಿತ್ತು. ನಮಸ್ಕಾರ, ನೀವು ಹಾಕಿರುವ ಕಬ್ಬಿಣದ ಸೇತುವೆಯ ಕಾರ್ಡು ನಮ್ಮ ಮನೆಯದು ಎಂದು ಕಾಣುತ್ತದೆ, ಎಡಗಡೆ ಕೆಳಗೆ ಲೋಟದ ಅರ್ಧ ಉಂಗುರ ಇದೆಯಲ್ಲ, ಅದು ನಮ್ಮ ಅಮ್ಮನ ಔಷಧಿ ಲೋಟದ್ದು. ಗಂಟಲ ಆಪರೇಶನ್ ಆದ ಮೇಲೆ ಅಮ್ಮನಿಗೆ ಮಾತು ಹೋಯಿತು, ಏನು ಬೇಕಾದರೂ ಈ ಕಾರ್ಡಿನ ಹಿಂದೆ ಪೆನ್ಸಿಲಿನಲ್ಲಿ ಬರೆದು ತೋರಿಸುತ್ತಿದ್ದರು, ನಾವು ಓದಿದ ಮೇಲೆ ತಾವೇ ಅಳಿಸಿ ಮತ್ತೆ ಬರೆಯುತ್ತಿದ್ದರು. ಕೊನೆಯ ದಿನ ಬರೆದದ್ದನ್ನು ಅಳಿಸಲಿಲ್ಲ. ನಾನು ಅದನ್ನು ಓದಲೂ ಇಲ್ಲ. ಅಣ್ಣ ಮನೆ ಖಾಲಿ ಮಾಡುವಾಗ ಎಲ್ಲವನ್ನೂ ಹಳೇ ಸಾಮಾನಿನವನಿಗೆ ಹಾಕಿಬಿಟ್ಟ. ಅವತ್ತಿನಿಂದ ಇಂಥ ಜಾಲತಾಣಗಳನ್ನೆಲ್ಲ ಹುಡುಕುತ್ತಿದ್ದೇನೆ. ಹಿಂಬದಿ ಶುಭ್ರ ಎಂದು ಬರೆದಿದ್ದೀರಿ, ಅದರ ಅರ್ಥ ನನಗೆ ತಿಳಿಯಲಿಲ್ಲ. ಹಿಂದೆ ಬರಹ ಇದೆಯೇ? ಅಷ್ಟು ಹೇಳಿ. ಕೊನೆಯ ಆ ‘ಅಷ್ಟು ಹೇಳಿ’ಯ ಮುಂದೆ ಕೂತು ಅವನು ಉತ್ತರ ಬರೆದ: ಬರಹ ಮಸುಕಾಗಿದೆ. ಬೆರಳು ಎತ್ತುವಷ್ಟರಲ್ಲಿ ಆಕೆಯ ಉತ್ತರ ಬಂದಿತ್ತು. ಮಸುಕಾದರೂ ಸಾಕು, ಅಮ್ಮನ ಅಕ್ಷರ ನನಗೆ ಗೊತ್ತಾಗುತ್ತದೆ, ಎಲ್ಲಿಗೆ ಬರಲಿ?

ಲ್ಯಾಬಿನಲ್ಲಿ ಅವನ ಜಾಗ ಕಿಟಕಿಯಿಲ್ಲದ ಮೂಲೆ. ಹಲ್ಲಿನ ಡಾಕ್ಟರುಗಳು ಕಳಿಸುವ ಅಚ್ಚುಗಳಿಂದ ಕಟ್ಟುಹಲ್ಲಿನ ಸೆಟ್ಟು ಮಾಡುವ ಲ್ಯಾಬು ಅದು. ಒಬ್ಬರು ಪ್ಲಾಸ್ಟರು ಹೊಯ್ಯುತ್ತಾರೆ, ಇನ್ನೊಬ್ಬರು ಮೇಣದಲ್ಲಿ ಒಸಡು ಕಟ್ಟಿ ಹಲ್ಲು ಕೂರಿಸುತ್ತಾರೆ, ಕೊನೆಗೆ ಎಲ್ಲವೂ ಅವನ ಮುಂದೆ, ಗಿರ್ರೆಂದು ತಿರುಗುವ ಬಟ್ಟೆಯ ಚಕ್ರದ ಮುಂದೆ ಬರುತ್ತವೆ. ಇಷ್ಟು ವರ್ಷಗಳಲ್ಲಿ ಅವನು ನಯ ಮಾಡದೆ ಬಿಟ್ಟ ವಸ್ತುವೇ ಇಲ್ಲವೆಂದು ಅವನನ್ನು ಎಲ್ಲರೂ ಉಜ್ಜಪ್ಪ ಎನ್ನುತ್ತಿದ್ದರು. ಮೊದಮೊದಲು ಅದು ಚುಚ್ಚುತ್ತಿತ್ತು, ಆಮೇಲೆ ಅದನ್ನೇ ಹೊಗಳಿಕೆ ಎಂದುಕೊಂಡ. ಇವತ್ತು ಚಕ್ರಕ್ಕೆ ಪುಡಿ ಹಚ್ಚಿ, ಮೇಲ್ದವಡೆಯ ಸೆಟ್ಟೊಂದನ್ನು ಹಿಡಿದು, ಬಲದಿಂದ ಎಡಕ್ಕೆ, ಬಲದಿಂದ ಎಡಕ್ಕೆ ತಿರುಗಿಸುತ್ತಿದ್ದಾಗ ತಾನು ಯಾವಾಗಲೂ ಬಲಗಡೆಯಿಂದಲೇ ಶುರುಮಾಡುತ್ತೇನೆ ಎಂಬುದು ಮೊದಲ ಬಾರಿಗೆ ಗಮನಕ್ಕೆ ಬಂತು. ಕಾರ್ಡಿನಲ್ಲೂ ಹಾಗೇ ಮಾಡಿದ್ದ. ಮನೆಯ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಕಾರ್ಡನ್ನು ಬೋರಲು ಹಾಕಿ. ಹಿಂಬದಿ ಇಡೀ ಬೂದು ಬಣ್ಣಕ್ಕೆ ತಿರುಗಿತ್ತು. ಎಷ್ಟೋ ಸಲ ಬರೆದು ಎಷ್ಟೋ ಸಲ ಅಳಿಸಿದ ಬೂದಿ ಎಂದು ಈಗ ಗೊತ್ತು, ಆಗ ಕೊಳೆ ಎಂದುಕೊಂಡಿದ್ದ. ಅದರ ಮೇಲೆ ನಡುವೆ ಏನೋ ಗೀಚಿತ್ತು, ಅಂಗಡಿಯವರು ತಮ್ಮ ಗುರುತಿಗೆ ಗೀಚಿಕೊಳ್ಳುವ ಹಾಗೆ. ಜಾಲತಾಣದಲ್ಲಿ ‘ಅಂಚೆಮಾವ’ ಎಂಬ ಹೆಸರಿನವನೊಬ್ಬ ಹೊಸಬರಿಗೆಲ್ಲ ಬುದ್ಧಿ ಹೇಳುತ್ತಾನೆ: ಮೆತ್ತನೆ ರಬ್ಬರು ತೆಗೆದುಕೊಳ್ಳಿ, ಒತ್ತಬೇಡಿ, ಒಂದೇ ದಿಕ್ಕಿಗೆ ಎಳೆಯಿರಿ, ಕಾರ್ಡಿಗೆ ಮಾನ ಬರುತ್ತದೆ. ಅವನು ಒತ್ತಲಿಲ್ಲ. ಒಂದೇ ದಿಕ್ಕಿಗೆ ಎಳೆದ.

“ಏನಯ್ಯಾ ಇದು?”

ಯಜಮಾನರು ಪಕ್ಕಕ್ಕೆ ಬಂದು ನಿಂತು, ಆಗಷ್ಟೇ ಮುಗಿದ ಸೆಟ್ಟನ್ನು ಬೆಳಕಿಗೆ ಹಿಡಿದಿದ್ದರು. ಅವನು ಚಕ್ರ ನಿಲ್ಲಿಸಿದ. ಯಜಮಾನರು ಹೆಬ್ಬೆರಳಿನಿಂದ ಅಂಗಳದ ಮೇಲೆ, ಅಂದರೆ ನಾಲಿಗೆ ತಾಗುವ ಭಾಗದ ಮೇಲೆ, ಎರಡು ಸಲ ಸವರಿದರು.

“ಇಲ್ಲಿ ಏಣು ಇರ್ಬೇಕಲ್ಲ, ಎಲ್ಲಿ ಹೋಯ್ತು?”

“ಒರಟಾಗಿತ್ತು ಸಾರ್.”

“ಒರಟಾಗಿರೋದು ಬೇಕು ಅಂತಲೇ ಇಟ್ಟಿರೋದು. ಆ ಏಣು ಸಿಕ್ಕಿದ್ರೆ ತಾನೇ ನಾಲಿಗೆಗೆ ಎಲ್ಲಿ ತಾಗ್ಬೇಕು ಅಂತ ತಿಳಿಯೋದು? ಈಗ ಈ ಮನುಷ್ಯ ‘ಸ’ ಅಂದ್ರೆ ಶಿಳ್ಳೆ ಬರತ್ತೆ.” ಮೇಣದ ಕೆಲಸದವಳು ಆಚೆ ಮೇಜಿನಲ್ಲಿ ಕಿಸಕ್ಕೆಂದಳು. ಯಜಮಾನರಿಗೂ ನಗು ಬಂತು, ಆದರೆ ಅದನ್ನು ಅವನ ಕಡೆಗೆ ತಿರುಗಿಸಲಿಲ್ಲ. “ಇಷ್ಟು ವರ್ಷ ಆಯ್ತು, ಯಾವುದು ಕೊಳೆ, ಯಾವುದು ಗುರುತು ಅನ್ನೋದು ತಿಳೀಬೇಡ್ವಾ? ಮನೇಲಿ ಎಲ್ಲಾ ಸರಿ ಇದೆ ತಾನೇ?”

ಇದೆ ಎಂದ. ಯಜಮಾನರು ಸೆಟ್ಟನ್ನು ಅವನ ಮುಂದೆ ಇಟ್ಟು ಹೋದರು. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು. ಮನೆಯ ವಿಷಯ ಕೇಳಿದ್ದು ಅವಮಾನವಾಗಿತ್ತು. ಅಂಗಳ ಮತ್ತೆ ಕಟ್ಟುವುದಕ್ಕೆ ಮೇಣದವಳಿಗೆ ಕೊಡಬೇಕು, ಅವಳು ಕೊಂಕು ನುಡಿಯುತ್ತಾಳೆ, ನುಡಿಯಲಿ. ಅದನ್ನು ಮತ್ತೆ ಕಟ್ಟಬಹುದಲ್ಲ. ಅವನ ಮನಸ್ಸು ಮೇಜಿನ ಮೇಲಿನ ಬಿಳಿ ಬಟ್ಟೆಗೇ ಹೋಗುತ್ತಿತ್ತು. ಬಲತುದಿಯಿಂದ ಎಳೆಯುತ್ತ ಎಳೆಯುತ್ತ ಅರ್ಧಕ್ಕೆ ಬಂದಾಗ, ರಬ್ಬರಿನ ಬೂದು ಸಿಪ್ಪೆಗಳನ್ನು ಊದಿ ಹಾರಿಸಿದಾಗ, ಉಳಿದದ್ದು ಗೀಚು ಅಲ್ಲ ಎಂದು ಕಂಡಿತ್ತು. ಅದು ಪದ. ಕಿಟಕಿ. ಅಂಗಡಿಯ ಯಾವನೂ ಕಾರ್ಡಿನ ಹಿಂದೆ ಕಿಟಕಿ ಎಂದು ಬರೆದುಕೊಳ್ಳುವುದಿಲ್ಲ. ಒಂದು ಕ್ಷಣ ಕೈ ನಿಂತಿತ್ತು, ಇದು ನಿಜ, ನಿಂತಿತ್ತು. ಆದರೆ ಬಲಭಾಗ ಬೆಳ್ಳಗೆ, ಎಡಭಾಗ ಬೂದು. ಅರ್ಧ ಬೋಳಿಸಿದ ಗಡ್ಡದ ಹಾಗೆ. ಹಾಗೆ ಬಿಟ್ಟರೆ ಯಾವ ದರ್ಜೆಗೂ ಸೇರುವುದಿಲ್ಲ. ಅವನು ಮತ್ತೆ ಶುರುಮಾಡಿದ. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಮೊನ್ನೆ ಅಂಚೆಮಾವನಿಗೆ, ಯಾರದೋ ವಿಷಯ ಎಂಬಂತೆ, ಖಾಸಗಿ ಬರಹ ಅಳಿಸಿಹೋದರೆ ಏನು ಮಾಡಬೇಕು ಎಂದು ಕೇಳಿದ್ದ. ಪೆನ್ಸಿಲು ಯಾರದಾದರೂ ದೋಷ ದೋಷವೇ, ಒಳ್ಳೆಯದೇ ಆಯಿತು ಎಂದು ಉತ್ತರ ಬಂದಿತ್ತು, ಕೆಳಗೊಂದು ನಗುವ ಮುಖ.

ಶನಿವಾರ ಅರ್ಧ ದಿನದ ಕೆಲಸ. ಎಲ್ಲರೂ ಹೊರಟರು. ಮೇಣದವಳು ಚಪ್ಪಲಿ ಮೆಟ್ಟುತ್ತ, “ಉಜ್ಜಪ್ಪಣ್ಣ, ಗೋಡೆ ಉಜ್ಜೋಕೆ ನಿಂತ್ಕೋಬೇಡಿ, ಬೀದಿ ಕಾಣಿಸ್ಬಿಟ್ಟೀತು,” ಎಂದಳು. ಬಾಗಿಲು ಮುಚ್ಚಿದ ಮೇಲೆ ಚಕ್ರದ ಸದ್ದೂ ಇಲ್ಲದೆ ಕೋಣೆ ದೊಡ್ಡದಾಯಿತು. ಆಕೆ ಬರುವುದಕ್ಕೆ ಇನ್ನೂ ಹೊತ್ತಿತ್ತು. ಕೈ ತೊಳೆದು, ಒರೆಸಿ, ಕಾರ್ಡನ್ನು ಬಿಚ್ಚಿದ. ಮುಂಬದಿಯಲ್ಲಿ ಸೇತುವೆ, ಕೈಯಿಂದ ಬಣ್ಣ ತುಂಬಿದ ಆಕಾಶ, ನದಿಯ ಕಡೆ ಬಗ್ಗಿದ ಒಬ್ಬ ಛತ್ರಿಯವನು. ಆಕೆಯ ಉತ್ತರ ಬಂದಂದಿನಿಂದ ಹಿಂಬದಿಯನ್ನು ನೋಡಿರಲಿಲ್ಲ. ಭೂತಗನ್ನಡಿ ಕೂರಿಸಿದ ದೀಪವನ್ನು ಮೇಜಿನ ಮಟ್ಟಕ್ಕೆ ಬಗ್ಗಿಸಿ, ಕಾರ್ಡನ್ನು ಅದಕ್ಕೆ ಓರೆಯಾಗಿ ಹಿಡಿದ. ಶುಭ್ರವಾಗಿದ್ದ ಬಿಳುಪಿನಲ್ಲಿ ನೆರಳುಗಳು ಎದ್ದವು.

ಪೆನ್ಸಿಲಿನ ಮಸಿ ಹೋಗಿತ್ತು, ಒತ್ತು ಹೋಗಿರಲಿಲ್ಲ. ಆ ತಾಯಿ ಎಷ್ಟು ಒತ್ತಿ ಬರೆಯುತ್ತಿದ್ದಳೆಂದರೆ ಕಾರ್ಡಿನ ಮೈಯಲ್ಲಿ ಗೆರೆಗಳು ಉತ್ತ ಹಾಗೆ ಕೂತಿದ್ದವು. ದನಿಯಿಲ್ಲದವರು ಕೂಗುವುದು ಹೀಗೇ ಇರಬೇಕು. ಸಿಕ್ಕಿತು, ಸಿಕ್ಕಿಬಿಟ್ಟಿತು. ನೀರು. ಸಾಕು. ಅದರ ಮೇಲೇ ಅಡ್ಡಡ್ಡಲಾಗಿ, ಯಾರು ಬಂದದ್ದು. ದೀಪ ಆರಿಸು. ಕಿಟಕಿ ಹಾಕು. ಇನ್ನಷ್ಟು ಓರೆ ಮಾಡಿದರೆ ಕಿಟಕಿ ತೆಗಿ. ಮತ್ತೆ ಕಿಟಕಿ ಹಾಕು, ಮತ್ತೆ ತೆಗಿ. ಹೋಗಿ ಮಲಕ್ಕೋ. ಬಿಸಿ ಇದೆ. ನೋವಿಲ್ಲ. ಒಂದರ ಎದೆಯ ಮೇಲೆ ಇನ್ನೊಂದು, ಎಷ್ಟು ತಿಂಗಳದ್ದೋ, ಎಲ್ಲವೂ ಒಂದೇ ಆಳ. ಇವುಗಳಲ್ಲಿ ಕೊನೆಯದು ಯಾವುದು ಎಂದು ಹೇಳುತ್ತಿದ್ದದ್ದು ಅದೊಂದರ ಮೇಲೆ ಮಾತ್ರ ಉಳಿದಿದ್ದ ಕಪ್ಪು. ಅದನ್ನು ತೆಗೆದು ಅವನು ಎಲ್ಲವನ್ನೂ ಸಮ ಮಾಡಿಟ್ಟಿದ್ದ. ದೀಪವನ್ನು ಆ ಕಡೆ ಈ ಕಡೆ ತಿರುಗಿಸಿದ. ತಿರುಗಿಸಿದಂತೆಲ್ಲ ಒಂದು ಮಾತು ಎದ್ದು ಇನ್ನೊಂದು ಮುಳುಗುತ್ತಿತ್ತು.

ಹೋಗಿ ಮಲಕ್ಕೋ ಎಂಬುದು ಮಿಕ್ಕದ್ದಕ್ಕಿಂತ ಬಿಡಿಯಾಗಿ, ಕೆಳಗಡೆ ಇತ್ತು. ಒಳ್ಳೆಯ ಮಾತು. ದಣಿದ ಮಗಳಿಗೆ ತಾಯಿ ಹೇಳುವ ಮಾತು. ಕೊನೆಯದು ಕಿಟಕಿಯದೆಂದು ಬಲ್ಲವನು ತಾನೊಬ್ಬನೇ, ಇದೇ ಕೊನೆಯದಾಗಿರಬಾರದೇಕೆ? ಆಕೆ ಅದನ್ನು ಓದಿ, ಅತ್ತು, ಹಗುರವಾಗಿ ಮನೆಗೆ ಹೋಗುತ್ತಾಳೆ. ಅಕ್ಷರ ಅಮ್ಮನದೇ, ಒತ್ತು ಅಮ್ಮನದೇ, ಆ ಹಳ್ಳದಲ್ಲಿ ಮಸಿ ತುಂಬುವುದಷ್ಟೇ ಕೆಲಸ. ಮೋಸ ಎನ್ನುವುದಕ್ಕೆ ಹೊಸದಾಗಿ ಏನು ಬರೆದ ಹಾಗಾಯಿತು? ಪ್ಲಾಸ್ಟರಿನ ಮೇಲೆ ಗುರುತು ಹಾಕುವ ಪೆನ್ಸಿಲನ್ನೂ ರಬ್ಬರನ್ನೂ ಎಳೆದುಕೊಂಡು, ಮೊನೆಯನ್ನು ಚೂಪು ಮಾಡಿದ. ಉಸಿರು ಹಿಡಿದು, ಎರಡನೇ ಪದದ ‘ಮ’ದಿಂದ ಶುರುಮಾಡಿದ. ಯಾಕೆ ಅಲ್ಲಿಂದ ಎಂದು ತಿಳಿಯಲಿಲ್ಲ, ಬಹುಶಃ ಅದು ಬಲಗಡೆಗಿತ್ತೆಂದೇ. ಮೊನೆ ಹಳ್ಳಕ್ಕೆ ಇಳಿದದ್ದೇ ತಾನಾಗಿ ಹರಿಯಿತು, ಯಾರೋ ಕೈ ಹಿಡಿದು ತಿದ್ದಿಸಿದ ಹಾಗೆ. ಕಪ್ಪಗೆ, ಗುಂಡಗೆ, ತಲೆಕಟ್ಟು ಸ್ವಲ್ಪ ಮೇಲಕ್ಕೆ ಹಾರಿದ ‘ಮ’ ಕಾರ್ಡಿನ ಮೇಲೆ ಕೂತಿತು. ಇಷ್ಟು ಸುಲಭವಾಗಿದ್ದು ಅವನಿಗೆ ಭಯ ಹುಟ್ಟಿಸಿತು. ಪೆನ್ಸಿಲು ಕೆಳಗಿಟ್ಟ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿತು.

“ಕಾರ್ಡಿನವರು ನೀವೇನಾ?”

ಬಾಗಿಲಲ್ಲಿ ನಿಂತಿದ್ದವಳು ಅವನ ಅಕ್ಕನ ವಯಸ್ಸಿನವಳು. ಎದೆಗವಚಿಕೊಂಡ ಕೈಚೀಲ, ದಾರಿ ಕೇಳಿಕೊಂಡು ಬಂದವರ ದಣಿವು. ಅವನು ಎದ್ದು, “ಬನ್ನಿ, ಕೂತ್ಕೊಳ್ಳಿ,” ಎಂದ. ಆಕೆ ಕೂರಲಿಲ್ಲ. ಗೋಡೆಯ ಹಲಗೆಗಳ ಮೇಲೆ ಸಾಲಾಗಿ ಬಾಯ್ದೆರೆದಿದ್ದ ಸೆಟ್ಟುಗಳನ್ನು ನೋಡಿದಳು.

“ಇಷ್ಟೊಂದು ಬಾಯಿ, ಒಂದೂ ಮಾತಾಡಲ್ಲ,” ಎಂದು ಸಣ್ಣಗೆ ನಕ್ಕಳು. “ನಮ್ಮಮ್ಮನಿಗೆ ಸರಿಯಾದ ಜಾಗ.”

ಅವನು ಕಾರ್ಡನ್ನು ಮುಂದಕ್ಕೆ ಸರಿಸಿದ. ಆಕೆ ಕೈಯನ್ನು ಸೀರೆಗೆ ಒರೆಸಿಕೊಂಡು ಅದನ್ನೆತ್ತಿದಳು. ಮೊದಲು ಸೇತುವೆ ನೋಡಿದಳು. ಲೋಟದ ಉಂಗುರದ ಮೇಲೆ ಬೆರಳಿಟ್ಟು, ಹೌದು ಎಂದು ತನಗೇ ಹೇಳಿಕೊಂಡಳು. ಆಮೇಲೆ ತಿರುಗಿಸಿದಳು. ಅವನು ಆಕೆಯ ಮುಖ ನೋಡಲಾರದೆ ಚಕ್ರದ ಸ್ವಿಚ್ಚನ್ನು ನೋಡುತ್ತ ನಿಂತ.

“ಅಮ್ಮಂದೇ,” ಎಂದಳು. “ಈ ತಲೆಕಟ್ಟು ನೋಡಿ, ಹೀಗೇ ಹಾರಿಸಿಬಿಡ್ತಿದ್ರು. ಮ. ಮಗಾ ಅಂತ ಶುರು ಮಾಡಿರ್ಬೇಕು. ನನ್ನ ಹಾಗೇ ಕರೀತಿದ್ರು.”

ಸುಮ್ಮನಿದ್ದರೆ ಸಾಕಿತ್ತು. ಅಷ್ಟೊಂದು ಯೋಚಿಸಿದ್ದಕ್ಕೆಲ್ಲ ಇಷ್ಟು ಸಲೀಸಾದ ದಾರಿ, ಬಾಯಿ ಮುಚ್ಚಿಕೊಂಡಿರುವುದು. ಆಕೆಯ ಬೆರಳು ಆ ‘ಮ’ದ ಮೇಲೆ ಅದರ ಗುಂಡನ್ನೇ ಅನುಸರಿಸುತ್ತ ಸುತ್ತಿತು. ಬೆರಳ ತುದಿಗೆ ಮಸಿ ಹತ್ತಿತು. ಹಳೆಯ ಮಸಿ ಹಾಗೆ ಹತ್ತುವುದಿಲ್ಲ. ಆಕೆಗೆ ಅದು ಗೊತ್ತಾಗುವುದಿಲ್ಲ, ಯಾವತ್ತೂ ಗೊತ್ತಾಗುವುದಿಲ್ಲ ಎಂದು ಅವನಿಗೆ ಖಚಿತವಾಯಿತು.

“ಅದು ನಾನು ಬರೆದದ್ದು,” ಎಂದ.

ಆಕೆಗೆ ಅರ್ಥವಾಗಲಿಲ್ಲ. “ಯಾವುದು?”

“ಮ. ಈಗ ತಾನೇ ಬರೆದೆ. ಅವರ ಒತ್ತಿನ ಮೇಲೇ ತಿದ್ದಿದೆ. ಆದ್ರೆ ಮಸಿ ನಂದು.”

ಆಕೆ ತನ್ನ ಬೆರಳ ತುದಿಯನ್ನು ನೋಡಿಕೊಂಡಳು. “ಮಸುಕಾಗಿದೆ ಅಂದಿದ್ರಲ್ಲ.”

“ಮಸುಕಾಗಿರ್ಲಿಲ್ಲ. ನಾನು ಅಳಿಸಿದ್ದು.”

“ಗೊತ್ತಿಲ್ದೆ ತಾನೇ?”

ಆಕೆಯೇ ಅವನಿಗೆ ಬಾಗಿಲು ತೆರೆದು ಹಿಡಿದಿದ್ದಳು, ಹೌದು ಎಂದರೆ ದಾಟಬಹುದಿತ್ತು. “ಅರ್ಧ ಗೊತ್ತಿಲ್ದೆ,” ಎಂದ. “ಇನ್ನರ್ಧ ಗೊತ್ತಾದ ಮೇಲೆ.”

ಆಕೆ ಆಗ ಕೂತಳು. ಬೈಯುತ್ತಾಳೆ ಎಂದು ಅವನು ಹೆಗಲು ಬಿಗಿಹಿಡಿದು ನಿಂತ. ಬೈಯಲಿಲ್ಲ. ಕಾರ್ಡನ್ನು ತೊಡೆಯ ಮೇಲಿಟ್ಟುಕೊಂಡು, ಬೆರಳಿಗೆ ಹತ್ತಿದ ಮಸಿಯನ್ನು ಸೆರಗಿಗೆ ಒರೆಸಿಕೊಂಡಳು.

“ಹಾಗಾದ್ರೆ ನೀವು ಓದಿದೀರಿ.”

“ಒಂದು ಪದ. ಮೊದಲನೇದು. ನಾನು ಬಲಗಡೆಯಿಂದ ಅಳಿಸಿಕೊಂಡು ಬಂದೆ, ಆಮೇಲೆ ನೋಡಿದ್ದು.”

“ಏನಿತ್ತು?”

“ಕಿಟಕಿ.”

ಆಕೆ ಕಣ್ಣು ಮುಚ್ಚಿ ತೆರೆದಳು. “ಹಾಕು ಅಂತಾನಾ, ತೆಗಿ ಅಂತಾನಾ?”

ಆಕೆ ತಾನೇ ಮುಂದುವರಿಸಿದಳು, ಅವನಿಗಲ್ಲ, ಹಲಗೆಯ ಮೇಲಿನ ಬಾಯಿಗಳಿಗೆ ಹೇಳುತ್ತಿರುವ ಹಾಗೆ. “ಕೊನೇ ದಿನ ಸಂಜೆ ಯಾರೋ ಬಾಗಿಲು ಬಡಿದ್ರು. ಅಮ್ಮ ಕಾರ್ಡು ಎತ್ತಿ ತೋರಿಸ್ತಿದ್ರು. ಆ ಹೊತ್ತಿಗೆ ದಿನಾ ಕಿಟಕಿ ಹಾಕು ಅಂತ ಬರೀತಿದ್ರು, ಚಳಿ ಅಂತ. ಇವತ್ತೂ ಅದೇ ಅಂದ್ಕೊಂಡು, ಓದದೇನೇ ಕಿಟಕಿ ಹಾಕಿ ಹೋದೆ. ಅವರು ತಲೆ ಆಡಿಸ್ತಿದ್ರು. ಹೌದು ಅಂತ ಆಡಿಸಿದ್ರೋ ಬೇಡ ಅಂತ ಆಡಿಸಿದ್ರೋ, ನಾನು ತಿರುಗಿ ನೋಡ್ಲಿಲ್ಲ. ವಾಪಸು ಬಂದಾಗ ಕಾರ್ಡು ಎದೆ ಮೇಲಿತ್ತು. ಅಣ್ಣ ಅದನ್ನ ತೆಗೆದು ಎಲ್ಲೋ ಇಟ್ಟ.” ಕಾರ್ಡಿನ ಅಂಚನ್ನು ಸವರುತ್ತ, “ಉಸಿರು ಕಟ್ತಿತ್ತೋ ಏನೋ,” ಎಂದಳು.

ಹಾಕು. ಅವನ ನಾಲಿಗೆಯ ತುದಿಯಲ್ಲಿ ಆ ಪದ ಬಂದು ಕೂತಿತು. ಹಾಕು ಅಂತಿತ್ತು, ಈಗ ನೆನಪಾಯಿತು. ಎಷ್ಟು ಚಿಕ್ಕ ಮಾತು. ಮೊದಲನೆಯ ಸತ್ಯಕ್ಕೆ ಇದೊಂದು ಸುಳ್ಳು ಬಡ್ಡಿಯಾಗಿ ಹೋಗಲಿ. ಆದರೆ ಆಕೆ ಅವನನ್ನು ನೋಡುತ್ತಿದ್ದ ರೀತಿಯಲ್ಲಿ, ಈಗಷ್ಟೇ ಒಂದು ‘ಮ’ವನ್ನು ನಂಬಿ ಕೈಬಿಟ್ಟವಳ ನೋಟದಲ್ಲಿ, ಅದು ಹೊರಡಲಿಲ್ಲ.

“ಎರಡನೇ ಪದ ನಾನು ಓದ್ಲಿಲ್ಲ,” ಎಂದ. “ಕಣ್ಣ ಮುಂದೆಯೇ ಇತ್ತು. ಓದ್ಲಿಲ್ಲ.”

“ನೋಡಿದೀರಿ ತಾನೇ? ಕಣ್ಣಿಗೆ ಬಿದ್ದಿರತ್ತೆ.”

“ಬಿದ್ದಿರಬಹುದು.”

“ಹಾಗಾದ್ರೆ ಒಳಗೆಲ್ಲೋ ಇರತ್ತೆ. ಯೋಚ್ನೆ ಮಾಡಿ. ನಾನು ಕೂತಿರ್ತೀನಿ, ಬಸ್ಸಿಗೆ ಇನ್ನೂ ಹೊತ್ತಿದೆ.”

ಅವನು ಕಣ್ಣು ಮುಚ್ಚಿದ. ಬಿಳಿ ಬಟ್ಟೆ ಬಂತು, ತನ್ನ ಕೈ ಬಂತು, ರಬ್ಬರು ಬಂತು. ಆ ಚಲನೆಯನ್ನು ಹಿಂದುಮುಂದಾಗಿಸಿ, ಎಡದಿಂದ ಬಲಕ್ಕೆ ಎಳೆದರೆ ಸಿಪ್ಪೆಗಳೆಲ್ಲ ಮತ್ತೆ ಹತ್ತಿಕೊಂಡು ಅಕ್ಷರವಾಗುತ್ತವೆಯೇನೋ ಎಂದು ಎಳೆದ. ‘ಹಾ’ ಎಂದು ಮೂಡಿತು. ನೀನು ಬೇಕೆಂದು ಮೂಡಿಸುತ್ತಿದ್ದೀಯ ಎಂದುಕೊಂಡ ಕೂಡಲೇ ಅದು ‘ತೆ’ ಆಯಿತು. ಮತ್ತೆ ಎಳೆದ. ಆ ದಿನದಿಂದ ಸ್ಪಷ್ಟವಾಗಿ ಉಳಿದಿದ್ದದ್ದು ಒಂದೇ, ಬಿಳುಪು ಹಬ್ಬುತ್ತ ಬಂದಂತೆ ತನಗಾಗುತ್ತಿದ್ದ ಸಂತೋಷ. ಮೇಜಿನ ಮೇಲೆ ಏನೋ ಸರಿದ ಸದ್ದಿಗೆ ಕಣ್ಣು ಬಿಟ್ಟ. ಆಕೆ ಕಾರ್ಡನ್ನು ಬೋರಲಾಗಿ ಅವನ ಮುಂದಿಟ್ಟು, ಪಕ್ಕದಲ್ಲಿ ಪೆನ್ಸಿಲು ಇಡುತ್ತಿದ್ದಳು.

“ಹೇಳೋಕೆ ಆಗದಿದ್ರೆ ಬರೆದು ತೋರಿಸಿ,” ಎಂದಳು. ದನಿಯಲ್ಲಿ ಕೊಂಕಿರಲಿಲ್ಲ. ಎಷ್ಟೋ ಸಂಜೆಗಳಲ್ಲಿ ಹೇಳಿ ಹೇಳಿ ನಾಲಿಗೆಗೆ ಕೂತುಹೋದ ಮಾತು.

ಅವನು ಪೆನ್ಸಿಲು ತೆಗೆದುಕೊಂಡ. ಇರುವ ಯಾವ ಹಳ್ಳಕ್ಕೂ ಇಳಿಯದ ಹಾಗೆ, ಮೊನೆ ಜಾರಿದಾಗಲೆಲ್ಲ ಎತ್ತಿ, ತನ್ನದೇ ಸಂಜೆ ಶಾಲೆಯ ಗುಂಡು ಅಕ್ಷರದಲ್ಲಿ, ನೆನಪಿಲ್ಲ ಎಂದು ಬರೆದ. ತಿರುಗಿಸಿ ಆಕೆಯ ಕಡೆ ತಳ್ಳಿದ. ಆಕೆ ಬಗ್ಗಿ ಓದಿದಳು. ಓದಿದೆ ಎನ್ನುವಂತೆ ತಲೆಯಾಡಿಸಿದಳು. ಆಮೇಲೆ ಮೇಜಿನ ಮೇಲಿದ್ದ ರಬ್ಬರನ್ನು ತೆಗೆದುಕೊಂಡು, ನೆನಪಿಲ್ಲ ಎಂಬುದನ್ನೂ, ಅದರ ಕೆಳಗಿದ್ದ ‘ಮ’ವನ್ನೂ ಎಡದಿಂದ ಬಲಕ್ಕೆ, ಅವಸರವಿಲ್ಲದೆ ಅಳಿಸಿ, ಸಿಪ್ಪೆಯನ್ನು ಅಂಗೈಗೆ ಗೋರಿಕೊಂಡು, ಕಾರ್ಡನ್ನೂ ಪೆನ್ಸಿಲನ್ನೂ ಮತ್ತೆ ಅವನ ಮುಂದಿಟ್ಟಳು.